ಒಂದು ಗೇಣು ಕೊಳವೆ, 850 ಪಿಎಸ್‌ಐ ಒತ್ತಡ

ಪೇಂಟ್‌ಬಾಲ್ ಮಾರ್ಕರ್, ಅಂದರೆ ಬಣ್ಣದ ಗುಂಡು ಹಾರಿಸುವ ಆಟದ ಬಂದೂಕು, ಕೊಳ್ಳುವವರು ಬ್ಯಾರೆಲ್ ಎಷ್ಟುದ್ದ, ಟ್ರಿಗರ್ ಎಷ್ಟು ಹಗುರ, ಹಾಪರಿಗೆ ಎಷ್ಟು ಗುಂಡು ಹಿಡಿಯುತ್ತದೆ ಎಂದು ವಾರಗಟ್ಟಲೆ ವಿಚಾರಿಸುತ್ತಾರೆ. ಸಿಲಿಂಡರಿನಿಂದ ಮಾರ್ಕರಿನ ಹೊಟ್ಟೆಗೆ ಗಾಳಿ ಒಯ್ಯುವ ಒಂದು ಗೇಣುದ್ದದ ಕೊಳವೆಯ ಮಾತು ಬಂದಾಗ ಮಾತ್ರ ಕೈಗೆ ಸಿಕ್ಕಿದ್ದನ್ನು ತುರುಕಿ ಮೈದಾನಕ್ಕಿಳಿಯುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದವನು. ಅದರ ಫಲವಾಗಿ ಎಡ ಮಣಿಕಟ್ಟಿನ ಮೇಲೆ ಬೆರಳಗಲದ ಬಾಸುಂಡೆಯೊಂದನ್ನು ಎರಡು ವಾರ ಹೊತ್ತು ತಿರುಗಿದ ಮೇಲೆ ಈ ಕೊಳವೆಗಳ ವಿಚಾರವನ್ನು ಕುಳಿತು ಓದಿದೆ, ಅಳೆದೆ, ಕತ್ತರಿಸಿ ನೋಡಿದೆ. ಒಂದು ಹಳೆಯ ಮೆಕ್ಯಾನಿಕಲ್ ಮಾರ್ಕರ್ ಮತ್ತು ಒಂದು ಇಲೆಕ್ಟ್ರಾನಿಕ್ ಮಾರ್ಕರ್, ಇವೆರಡರ ಮೇಲೆ ಒಂದಾದ ಮೇಲೊಂದರಂತೆ ನಾಲ್ಕು ಬಗೆಯ ಲೈನುಗಳನ್ನು, ಅಂದರೆ ಇಂಥ ಗಾಳಿ ಕೊಳವೆಗಳನ್ನು, ಬಳಸಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ಕೊಳವೆಯ ಕಥೆಯನ್ನೇ ಹೇಳುವುದು ಸರಿ, ಏಕೆಂದರೆ ಉಳಿದೆಲ್ಲ ತೀರ್ಮಾನಗಳು ಅಲ್ಲಿಂದಲೇ ಹುಟ್ಟಿದವು. ಕೆಂಪು ಬಣ್ಣದ, ಅರೆಪಾರದರ್ಶಕವಾದ, ಬೆರಳಿಗೆ ಹಿತವಾಗಿ ಬಾಗುವ ಕೊಳವೆ ಅದು. ಮಾರಿದವರು ಅದನ್ನು ಮ್ಯಾಕ್ರೋಲೈನ್, ಅಂದರೆ ಮಾರ್ಕರಿಗೆ ಹಾಕುವ ನೈಲಾನ್ ಕೊಳವೆ, ಎಂದೇ ಮಾರಿದ್ದರು. ಪೊಟ್ಟಣದ ಮೇಲೆ 'ಎಲ್ಲ ಮಾರ್ಕರ್‌ಗಳಿಗೂ ಹೊಂದುತ್ತದೆ' ಎಂಬ ಆಶ್ವಾಸನೆ ಇತ್ತೇ ಹೊರತು ಎಷ್ಟು ಒತ್ತಡಕ್ಕೆ, ಯಾವ ಉಷ್ಣತೆಯಲ್ಲಿ, ಯಾವ ವಸ್ತುವಿನಿಂದ ಮಾಡಿದ್ದು ಎಂಬ ಒಂದೇ ಒಂದು ಅಂಕಿ ಇರಲಿಲ್ಲ. ಮನೆಯ ಮೇಜಿನ ಮೇಲೆ ಜೋಡಿಸಿ ಗಾಳಿ ಬಿಟ್ಟಾಗ ಹತ್ತು ನಿಮಿಷ ಸದ್ದಿಲ್ಲದೆ ನಿಂತಿತು. ಸೋಪು ನೀರು ಹಚ್ಚಿದರೂ ಗುಳ್ಳೆ ಬರಲಿಲ್ಲ. ಮರುದಿನ ಬಿಸಿಲಿನಲ್ಲಿ ಎರಡನೆಯ ಆಟದ ನಡುವೆ ಪಟಾಕಿ ಸಿಡಿದಂತೆ ಸದ್ದಾಗಿ ಕೊಳವೆಯ ಒಂದು ತುದಿ ಫಿಟ್ಟಿಂಗಿನಿಂದ ಕಳಚಿಕೊಂಡು ಚಾಟಿಯಂತೆ ಬೀಸಿತು. ಅದರ ಹಿಂದೆಯೇ ಸಿಲಿಂಡರಿನ ಗಾಳಿ ಬುಸುಗುಡುತ್ತ ಹೊರಬರತೊಡಗಿತು. ಮುಖಕ್ಕೆ ಮಾಸ್ಕ್ ಇದ್ದುದರಿಂದ ಮಣಿಕಟ್ಟಿಗಷ್ಟೇ ಪೆಟ್ಟಾಯಿತು.

ಕೊಳವೆ ಒಡೆದಿದೆ ಎಂದೇ ನಾನು ತಿಳಿದಿದ್ದೆ. ಆದರೆ ಭೂತಗನ್ನಡಿ ಹಿಡಿದು ನೋಡಿದಾಗ ಅದರ ಮೈಯಲ್ಲಿ ಎಲ್ಲಿಯೂ ಬಿರುಕು ಇರಲಿಲ್ಲ. ಕಳಚಿದ ತುದಿಯಲ್ಲಿ, ಫಿಟ್ಟಿಂಗಿನ ಒಳಗೆ ಕೊಳವೆಯನ್ನು ಕಚ್ಚಿ ಹಿಡಿಯುವ ಹಲ್ಲುಗಳು ಮೂಡಿಸಿದ ಗೀರುಗಳಿದ್ದವು; ಅವು ಕೊಳವೆಯ ಸುತ್ತ ಉಂಗುರವಾಗಿರದೆ ಉದ್ದುದ್ದಕ್ಕೆ, ತುದಿಯವರೆಗೂ ಹರಿದಿದ್ದವು, ಮತ್ತು ಗೀರಿನ ಕೊನೆಯಲ್ಲಿ ಕೂದಲಿನಷ್ಟು ತೆಳ್ಳಗಿನ ಕೆಂಪು ಹೆರೆಗಳು ಅಂಟಿಕೊಂಡಿದ್ದವು. ಅಂದರೆ ಕೊಳವೆ ಒಡೆದಿರಲಿಲ್ಲ, ಜಾರಿತ್ತು. ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆದಾಗ ಕಾರಣವೂ ಸಿಕ್ಕಿತು. ಪೇಂಟ್‌ಬಾಲ್ ಫಿಟ್ಟಿಂಗುಗಳು ಸಾಮಾನ್ಯವಾಗಿ ಕಾಲು ಇಂಚಿನ, ಅಂದರೆ 6.35 ಮಿಲಿಮೀಟರ್ ಹೊರವ್ಯಾಸದ ಕೊಳವೆಗೆ ಮಾಡಿದವು. ನನ್ನ ಕೈಯಲ್ಲಿದ್ದುದು ಕಾರ್ಖಾನೆಗಳ ಸಾಧಾರಣ ಗಾಳಿ ಯಂತ್ರಗಳಿಗೆ ಹಾಕುವ 6 ಮಿಲಿಮೀಟರ್ ಪಾಲಿಯುರೇಥೇನ್ ಕೊಳವೆ. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಕೈಗೂ ತಿಳಿಯುವುದಿಲ್ಲ. ಫಿಟ್ಟಿಂಗಿನೊಳಗೆ ಸೀಲಾಗಿ ಕೂರುವ ಮೆತ್ತನೆಯ ಉಂಗುರ, ಅಂದರೆ ಓ-ರಿಂಗ್, ಹೇಗೋ ಗಾಳಿಯನ್ನು ತಡೆಯುತ್ತದೆ, ಹಲ್ಲುಗಳು ಮೇಲ್ಮೇಲೆ ಕಚ್ಚುತ್ತವೆ, ಬಿಸಿಲಿಗೆ ಕೊಳವೆ ಮೆತ್ತಗಾಗುವ ತನಕ ಎಲ್ಲವೂ ಸರಿಯಾಗಿರುವಂತೆಯೇ ತೋರುತ್ತದೆ.

ಇಂಥ ಪಾಲಿಯುರೇಥೇನ್ ಕೊಳವೆಗಳ ಕೆಲಸದ ಒತ್ತಡ ಸಾಮಾನ್ಯವಾಗಿ 10 ಬಾರ್ ಆಸುಪಾಸು, ಅಂದರೆ ಸುಮಾರು 145 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಬೀಳುವ ಬಲ, ಪೌಂಡುಗಳಲ್ಲಿ). ಅದೂ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ನಾನು ಅದರೊಳಗೆ ಬಿಟ್ಟಿದ್ದು 850 ಪಿಎಸ್‌ಐ. ಮಾರ್ಕರಿನೊಳಗೆ ಒತ್ತಡ ಇಳಿಸುವ ರೆಗ್ಯುಲೇಟರ್ ದಾಟಿದ ಮೇಲೆ ಬರುವ ಕಡಿಮೆ ಒತ್ತಡದ ಭಾಗಗಳಿಗೆ, ಉದಾಹರಣೆಗೆ ಆಟೋಕಾಕರ್ ಮಾದರಿಯ ಮಾರ್ಕರ್‌ಗಳ ಮುಂಭಾಗದಲ್ಲಿ ಕಾಣುವ, ಗಾಳಿಯಿಂದ ಪಿಸ್ಟನ್ ದೂಡುವ ಸಣ್ಣ ಸಿಲಿಂಡರಿಗೆ, ಇದೇ ಜಾತಿಯ ಸಪೂರ ಕೊಳವೆ ಸರಿಯಾದ ಆಯ್ಕೆ. ಹೀಗಾಗಿ ಅದು ಕೆಟ್ಟ ವಸ್ತುವಲ್ಲ. ತಪ್ಪಾದ ಜಾಗಕ್ಕೆ ತಪ್ಪಾದ ಹೆಸರಿನಲ್ಲಿ ಮಾರಿದ ವಸ್ತು. ನನ್ನ ತಕರಾರು ಇರುವುದು ಅಂಕಿ ಮುದ್ರಿಸದ ಪೊಟ್ಟಣದ ಮೇಲೆ.

ಫಿಟ್ಟಿಂಗಿನ ಮೇಲೆ ಬೀಳುವ ಬಲ ಎಷ್ಟೆಂದು ಲೆಕ್ಕ ಹಾಕಿದರೆ ಕೊಳವೆ ಏಕೆ ಜಾರುತ್ತದೆ ಎಂಬುದು ಅರ್ಥವಾಗುತ್ತದೆ. ತಳ್ಳಿ ಸಿಕ್ಕಿಸುವ ಫಿಟ್ಟಿಂಗಿನಲ್ಲಿ ಒತ್ತಡವು ಕೊಳವೆಯ ಹೊರವ್ಯಾಸದಷ್ಟು ಅಗಲದ ವೃತ್ತವನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಕಾಲು ಇಂಚಿನ ವೃತ್ತದ ವಿಸ್ತೀರ್ಣ ಒಂದು ಚದರ ಇಂಚಿನ ಇಪ್ಪತ್ತನೇ ಒಂದು ಭಾಗಕ್ಕೆ ಹತ್ತಿರ. 450 ಪಿಎಸ್‌ಐ ಇದ್ದಾಗ ಕೊಳವೆಯನ್ನು ಹೊರಕ್ಕೆಳೆಯುವ ಬಲ 10 ಕಿಲೋ ತೂಕಕ್ಕೆ ಸಮ; 850 ಪಿಎಸ್‌ಐ ಇದ್ದಾಗ ಸುಮಾರು 19 ಕಿಲೋ. ಆಟದುದ್ದಕ್ಕೂ, ಓಡುವಾಗ, ಬೀಳುವಾಗ, ಮೊಣಕೈ ತಾಗಿದಾಗಲೂ ಇಷ್ಟು ಭಾರವನ್ನು ಆ ನಾಲ್ಕಾರು ತಗಡಿನ ಹಲ್ಲುಗಳು ಹಿಡಿದಿಟ್ಟುಕೊಂಡಿರಬೇಕು. ಆದ್ದರಿಂದ ಕೊಳವೆಯನ್ನು ಆರಿಸುವ ಮೊದಲು ಅದರ ಎರಡು ಕೊನೆಗಳನ್ನು ಆರಿಸಬೇಕು ಎಂಬುದು ನಾನು ಕಂಡುಕೊಂಡ ಮೊದಲ ಮಾತು. ಒಳಗಿನ ಹಿಡಿ ಉಂಗುರ ಪ್ಲಾಸ್ಟಿಕ್ ಆಗಿರುವ, ಕಡಿಮೆ ಒತ್ತಡದ ಕಾರ್ಖಾನೆ ಫಿಟ್ಟಿಂಗು ಹೊರಗಿನಿಂದ ನೋಡಲು ಪೇಂಟ್‌ಬಾಲ್ ಫಿಟ್ಟಿಂಗಿನ ಅವಳಿಯಂತೆಯೇ ಇರುತ್ತದೆ. ನಾನು ಈಗ ಕೊಳ್ಳುವುದು ಮೈ, ಹಿಡಿ ಉಂಗುರ, ಹಲ್ಲು ಎಲ್ಲವೂ ಲೋಹದ್ದಾಗಿರುವ ಫಿಟ್ಟಿಂಗುಗಳನ್ನು, ಅದೂ ಮಾರ್ಕರಿಗೆಂದೇ ಒತ್ತಡ ನಮೂದಿಸಿ ಮಾರುವವುಗಳನ್ನು ಮಾತ್ರ.

ಇನ್ನು ನಿಜವಾದ ಮ್ಯಾಕ್ರೋಲೈನ್. ಇದು ಕಾಲು ಇಂಚು ಹೊರವ್ಯಾಸದ, ಸ್ವಲ್ಪ ಬಿರುಸಾದ ನೈಲಾನ್ ಕೊಳವೆ. ಇದಕ್ಕಿಂತ ಹಳೆಯದಾದ ಮೈಕ್ರೋಲೈನಿನ ಒಳದಾರಿ ತೀರ ಕಿರಿದಾದ್ದರಿಂದ ವೇಗವಾಗಿ ಹೊಡೆಯುವಾಗ ಗಾಳಿ ಸಾಲದೆ ಗುಂಡಿನ ವೇಗ ಕುಸಿಯುತ್ತಿತ್ತು. ಮ್ಯಾಕ್ರೋಲೈನಿನಲ್ಲಿ ಆ ತೊಂದರೆ ಇಲ್ಲ. ನಾನು ಎರಡನೆಯದಾಗಿ ಕೊಂಡ ಕಿಟ್ಟಿನಲ್ಲಿ ಎರಡು ಫಿಟ್ಟಿಂಗುಗಳೂ ಎರಡು ಅಡಿ ಕಪ್ಪು ಕೊಳವೆಯೂ ಇದ್ದವು. ಮೂರು ಜಾಗದಲ್ಲಿ ಅಳೆದರೂ ಹೊರವ್ಯಾಸ 6.35ಕ್ಕೆ ಸರಿಯಾಗಿ ಬಂತು, ಗೋಡೆಯ ದಪ್ಪ ಸುಮಾರು 1.1 ಮಿಲಿಮೀಟರ್. ಬೇಕಾದಷ್ಟು ಉದ್ದಕ್ಕೆ ಕತ್ತರಿಸಿಕೊಳ್ಳಬಹುದು, ಉಪಕರಣವಿಲ್ಲದೆ ಕಳಚಬಹುದು, ತೂಕ ನಗಣ್ಯ. ಇಷ್ಟು ಅನುಕೂಲ ಬೇರೆ ಯಾವ ಲೈನಿನಲ್ಲೂ ಇಲ್ಲ ಎಂಬುದನ್ನು ಒಪ್ಪಲೇಬೇಕು.

ಆದರೆ ಅದು ಎಷ್ಟು ತಡೆಯುತ್ತದೆ? ಕಿಟ್ಟಿನ ಮೇಲೆ ಕೆಲಸದ ಒತ್ತಡ ಬರೆದಿರದ ಕಾರಣ ಕೊಳವೆಗಳಿಗೆ ಬಳಸುವ ಸರಳ ಸೂತ್ರದಿಂದ ಅಂದಾಜು ಮಾಡಿದೆ: ವಸ್ತುವಿನ ಬಲವನ್ನು ಗೋಡೆಯ ದಪ್ಪದ ಎರಡರಷ್ಟರಿಂದ ಗುಣಿಸಿ ಹೊರವ್ಯಾಸದಿಂದ ಭಾಗಿಸಿದರೆ ಒಡೆಯುವ ಒತ್ತಡ ಸಿಗುತ್ತದೆ. ನೈಲಾನಿನ ಬಲ 45 ಮೆಗಾಪಾಸ್ಕಲ್ ಎಂದು ಹಿಡಿದರೆ ಸುಮಾರು 2,260 ಪಿಎಸ್‌ಐಗೆ ಈ ಕೊಳವೆ ಒಡೆಯಬೇಕು. ಕೇಳಲು ಇದು ದೊಡ್ಡ ಸಂಖ್ಯೆ. ಆದರೆ ಒತ್ತಡದ ಹೋಸುಗಳ ಲೋಕದಲ್ಲಿ ಒಡೆಯುವ ಒತ್ತಡದ ನಾಲ್ಕನೇ ಒಂದು ಭಾಗವನ್ನು ಮಾತ್ರ ಕೆಲಸದ ಒತ್ತಡವೆಂದು ಒಪ್ಪುವುದು ಬಹುಕಾಲದ ರೂಢಿ. ಆ ರೂಢಿಯಂತೆ ನನ್ನ ಕೊಳವೆಯ ಯೋಗ್ಯತೆ ಸುಮಾರು 565 ಪಿಎಸ್‌ಐ. ಗಾಳಿ ಸಿಲಿಂಡರಿನ ರೆಗ್ಯುಲೇಟರ್‌ಗಳು ಸಾಮಾನ್ಯವಾಗಿ ಎರಡು ಬಗೆ: ಸುಮಾರು 450 ಪಿಎಸ್‌ಐ ಹೊರಬಿಡುವ ಕಡಿಮೆ ಒತ್ತಡದವು, 800 ರಿಂದ 850 ಹೊರಬಿಡುವ ಹೆಚ್ಚಿನ ಒತ್ತಡದವು. ಮೊದಲನೆಯದಕ್ಕೆ ಮ್ಯಾಕ್ರೋಲೈನ್ ನೆಮ್ಮದಿಯಿಂದ ಸಾಲುತ್ತದೆ; ಎರಡನೆಯದಕ್ಕೆ ಹಾಕಿದರೆ ಸುರಕ್ಷತೆಯ ಅಂತರ ನಾಲ್ಕರಿಂದ ಎರಡೂ ಮುಕ್ಕಾಲಕ್ಕಿಂತ ಕೆಳಗೆ ಇಳಿಯುತ್ತದೆ. ಲೆಕ್ಕವಿಲ್ಲದಷ್ಟು ಆಟಗಾರರು 850ರಲ್ಲಿ ಮ್ಯಾಕ್ರೋಲೈನ್ ಹಾಕಿಕೊಂಡೇ ಆಡುತ್ತಾರೆ, ಬಹಳಷ್ಟು ಸಲ ಏನೂ ಆಗುವುದಿಲ್ಲ. ಹೊಸ ಕೊಳವೆ, ಸರಿಯಾದ ಕಡಿತ, ತಂಪಾದ ಹವೆ ಇವಿಷ್ಟೂ ಕೂಡಿಬಂದಾಗ ಆಗುವುದೂ ಇಲ್ಲ. ನೈಲಾನ್ ಬಿಸಿಯಾದಷ್ಟೂ ಬಲ ಕಳೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಬಾಗಿಲು ಮುಚ್ಚಿದ ಕಾರಿನೊಳಗೆ ಒತ್ತಡ ತುಂಬಿಕೊಂಡೇ ಬಿದ್ದಿರುವ ಕಪ್ಪು ಕೊಳವೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಇನ್ನೊಂದು ಪರೀಕ್ಷೆಯೂ ಇದೆ, ಅದನ್ನು ನಾನು ಹೆಚ್ಚು ನಂಬುತ್ತೇನೆ. ಸಿಲಿಂಡರಿನೊಳಗೆ 3,000 ಅಥವಾ 4,500 ಪಿಎಸ್‌ಐ ಗಾಳಿ ಇರುತ್ತದೆ. ರೆಗ್ಯುಲೇಟರಿನ ಒಳಸೀಲು ಸವೆದು ಒತ್ತಡ ನಿಧಾನವಾಗಿ ಮೇಲೇರತೊಡಗಿದರೆ ಅದನ್ನು ತಡೆಯಲು ಹೊರಬರುವ ಬದಿಯಲ್ಲಿ ತೆಳು ಬಿಲ್ಲೆಯ ಬರ್ಸ್ಟ್ ಡಿಸ್ಕ್ ಕೂರಿಸಿರುತ್ತಾರೆ. ಸಾಮಾನ್ಯವಾಗಿ ಅದು 1,800 ಪಿಎಸ್‌ಐಗೆ ಹರಿದುಕೊಳ್ಳುತ್ತದೆ. ಹಾಗಾದರೆ ಲೈನಿಗೆ ಇರಬೇಕಾದ ಕನಿಷ್ಠ ಯೋಗ್ಯತೆ ಏನು? ಡಿಸ್ಕ್ ಹರಿಯುವುದಕ್ಕಿಂತ ಮೊದಲು ಅದು ಹರಿಯಬಾರದು. 2,260 ಎಂಬ ನನ್ನ ಅಂದಾಜು 1,800ರ ಮೇಲೆಯೇ ಇದೆ, ಆದರೆ ಹೊಸ ಕೊಳವೆಗೆ, ತಂಪಿನಲ್ಲಿ. ಎರಡು ವರ್ಷ ಬಿಸಿಲುಂಡು, ಒಂದೆರಡು ಕಡೆ ಮಡಿಚಿಕೊಂಡ ಕೊಳವೆಯ ಮೇಲೆ ಆ ಭರವಸೆ ಇಡುವುದು ನನ್ನಿಂದಾಗದು.

ಕಾರ್ಬನ್ ಡೈಆಕ್ಸೈಡ್ ಬಳಸುವವರ ವಿಚಾರ ಇನ್ನೂ ಕಟ್ಟುನಿಟ್ಟು. ಆ ಸಿಲಿಂಡರಿನಲ್ಲಿ ರೆಗ್ಯುಲೇಟರೇ ಇರುವುದಿಲ್ಲ. ಒಳಗಿನ ದ್ರವ ಆವಿಯಾಗುವ ಒತ್ತಡವೇ ನೇರವಾಗಿ ಲೈನಿಗೆ ಬರುತ್ತದೆ. ಆ ಒತ್ತಡ ಹವೆಯನ್ನು ಅವಲಂಬಿಸಿರುತ್ತದೆ: ಸೊನ್ನೆ ಡಿಗ್ರಿಯಲ್ಲಿ ಸುಮಾರು 505 ಪಿಎಸ್‌ಐ, 20 ಡಿಗ್ರಿಯಲ್ಲಿ ಸುಮಾರು 830, 30 ಡಿಗ್ರಿಯಲ್ಲಿ 1,000ವನ್ನು ದಾಟುತ್ತದೆ. ಅಳತೆ ಮೀರಿ ತುಂಬಿದ ಸಿಲಿಂಡರ್ ಬಿಸಿಲಿಗೆ ಸಿಕ್ಕಿದರೆ ಒತ್ತಡ ಇದಕ್ಕೂ ಬಹಳ ಮೇಲೆ ಹೋಗುತ್ತದೆ. ಅದರ ವಾಲ್ವಿನ ಬರ್ಸ್ಟ್ ಡಿಸ್ಕ್ ಹರಿಯುವುದು 3,000 ಪಿಎಸ್‌ಐ ಆಸುಪಾಸಿನಲ್ಲಿ, ಎಂದರೆ ನೈಲಾನ್ ಕೊಳವೆ ಕೈಚೆಲ್ಲಿ ಬಹಳ ಹೊತ್ತಾದ ಮೇಲೆ. ಇದು ಸಾಲದೆಂಬಂತೆ, ಮಾರ್ಕರನ್ನು ಕೆಳಮುಖ ಮಾಡಿದಾಗ ದ್ರವವೇ ಲೈನಿಗೆ ನುಗ್ಗಿ, ಅಲ್ಲಿ ಆವಿಯಾಗುತ್ತ ಕೊಳವೆಯನ್ನು ಹಿಮಗಟ್ಟುವಷ್ಟು ತಂಪು ಮಾಡುತ್ತದೆ. ತಂಪಿಗೆ ನೈಲಾನ್ ಸೆಟೆದು ಪೆಡಸಾಗುತ್ತದೆ, ಫಿಟ್ಟಿಂಗಿನೊಳಗಿನ ಓ-ರಿಂಗ್ ಗಟ್ಟಿಯಾಗಿ ಸೀಲು ಬಿಡುತ್ತದೆ. ಸಾಧಾರಣ ನೈಟ್ರೈಲ್ ರಬ್ಬರಿನ ಓ-ರಿಂಗಾಗಿದ್ದರೆ ಅನಿಲವನ್ನು ಹೀರಿಕೊಂಡು ಉಬ್ಬುವುದೂ ಉಂಟು. ಸಿಲಿಂಡರಿನ ಬಾಯಿಗೆ ಕೂರುವ 015 ಅಳತೆಯ ಓ-ರಿಂಗನ್ನು ಪಾಲಿಯುರೇಥೇನಿನಲ್ಲಿ ಮಾಡುವುದಕ್ಕೆ ಇದೂ ಒಂದು ಕಾರಣ. ಒಟ್ಟಿನಲ್ಲಿ ಕಾರ್ಬನ್ ಡೈಆಕ್ಸೈಡಿಗೆ ಮ್ಯಾಕ್ರೋಲೈನ್ ಬೇಡ. ಈ ಮಾತಿನಲ್ಲಿ ನಾನು ಯಾವ ರಿಯಾಯಿತಿಯನ್ನೂ ಇಟ್ಟುಕೊಂಡಿಲ್ಲ.

ಹಾಗಾದರೆ ಉಳಿಯುವುದು ಸ್ಟೀಲ್ ಬ್ರೇಡ್. ಒಳಗೆ ಟೆಫ್ಲಾನ್ ಕೊಳವೆ, ಅದರ ಮೈಮೇಲೆ ತುಕ್ಕು ಹಿಡಿಯದ ಉಕ್ಕಿನ ಎಳೆಗಳ ಜಡೆ, ಎರಡೂ ತುದಿಗಳಲ್ಲಿ ಯಂತ್ರದಿಂದ ಒತ್ತಿ ಕೂರಿಸಿದ ಲೋಹದ ಕೊನೆಗಳು. ಒಳ್ಳೆಯ ತಯಾರಿಕೆಯ ಹೋಸುಗಳ ಕೆಲಸದ ಒತ್ತಡ 3,000 ಪಿಎಸ್‌ಐ ಮಟ್ಟದಲ್ಲಿರುತ್ತದೆ, ಒಡೆಯುವ ಒತ್ತಡ ಅದರ ನಾಲ್ಕು ಪಟ್ಟು. ಮೇಲೆ ಹೇಳಿದ ಎರಡೂ ಪರೀಕ್ಷೆಗಳಲ್ಲಿ ಇದು ಬೆವರದೆ ಗೆಲ್ಲುತ್ತದೆ. ಟಿಪ್‌ಮನ್ 98ರಂಥ ಗಟ್ಟಿಮುಟ್ಟಾದ ಮೆಕ್ಯಾನಿಕಲ್ ಮಾರ್ಕರ್‌ಗಳಿಗೆ ಕಾರ್ಖಾನೆಯಲ್ಲೇ ಇಂಥ ಲೈನ್ ಹಾಕಿ ಕಳಿಸುವುದು ಸುಮ್ಮನೆ ಅಲ್ಲ. ಅದನ್ನು ಬಿಚ್ಚಿ ಚೆಂದಕ್ಕೆಂದು ಬಣ್ಣದ ಮ್ಯಾಕ್ರೋಲೈನ್ ಹಾಕುವವರನ್ನು ಕಂಡಾಗ, ಕಬ್ಬಿಣದ ಬಾಗಿಲು ಕಿತ್ತು ಪರದೆ ಕಟ್ಟಿದಂತೆ ನನಗನಿಸುತ್ತದೆ.

ಇದರ ದೋಷಗಳೂ ಸಣ್ಣವಲ್ಲ. ಉದ್ದವನ್ನು ಕೊಳ್ಳುವಾಗಲೇ ಸರಿಯಾಗಿ ಅಳೆದಿರಬೇಕು. ಗಿಡ್ಡವಾದರೆ ಎಳೆದುಕೊಂಡಿರುತ್ತದೆ, ಉದ್ದವಾದರೆ ಕೈಗೆ ಕುಣಿಕೆಯಂತೆ ಅಡ್ಡ ಬರುತ್ತದೆ. ನಾನು ಮೊದಲು ತರಿಸಿದ್ದು ಎರಡು ಬೆರಳಷ್ಟು ಗಿಡ್ಡವಾಗಿತ್ತು, ಅದನ್ನು ಹಿಂದಿರುಗಿಸಬೇಕಾಯಿತು. ಬಾಗುವ ಜಾಗವನ್ನು ಲೆಕ್ಕಕ್ಕೆ ಹಿಡಿಯದೆ ಎರಡು ಕೊನೆಗಳ ನಡುವೆ ನೇರವಾಗಿ ಅಳೆದಿದ್ದು ನನ್ನದೇ ತಪ್ಪು; ಗಟ್ಟಿ ದಾರವೊಂದನ್ನು ಹೋಸ್ ಹೋಗಬೇಕಾದ ದಾರಿಯಲ್ಲೇ ಬಾಗಿಸಿ ಅಳೆದಿದ್ದರೆ ಸಾಕಿತ್ತು. ಕೊಳ್ಳುವಾಗ ಒಂದು ತುದಿಯಾದರೂ ಸ್ವಿವೆಲ್, ಅಂದರೆ ತಾನಾಗಿ ತಿರುಗುವ ಕೊನೆ ಇರುವುದನ್ನೇ ಆರಿಸಬೇಕು; ಇಲ್ಲವಾದರೆ ಎರಡನೆಯ ತುದಿಯನ್ನು ಬಿಗಿಮಾಡುವಾಗ ಹೋಸಿನ ಮೈಯೇ ತಿರುಚಿಕೊಳ್ಳುತ್ತದೆ, ಮತ್ತು ತಿರುಚಿಕೊಂಡ ಬ್ರೇಡ್ ಒತ್ತಡ ಬಿದ್ದಾಗಲೆಲ್ಲ ನೇರವಾಗಲು ಹೆಣಗುತ್ತ ಥ್ರೆಡ್ಡನ್ನೇ ಸಡಿಲ ಮಾಡುತ್ತದೆ. ಬ್ರೇಡಿನ ಒಂದು ಎಳೆ ತುಂಡಾದರೂ ಅದು ಸೂಜಿಯಂತೆ ಬೆರಳಿಗೆ ಚುಚ್ಚುತ್ತದೆ. ಚುಚ್ಚಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ, ಹೋಸ್ ಬದಲಿಸುವ ಹೊತ್ತು ಬಂತೆಂದು ಅಷ್ಟು ಸ್ಪಷ್ಟವಾಗಿ ಬೇರೆ ಯಾವ ಲೈನೂ ಹೇಳುವುದಿಲ್ಲ. ಆ ಎಳೆಗಳು ಮಾರ್ಕರಿನ ಬಣ್ಣವನ್ನೂ ಗೀರುತ್ತವೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಹೋಸು ಕೊಂಡರೆ ಈ ಕಾಟ ತಪ್ಪುತ್ತದೆ, ಆದರೆ ಹೊದಿಕೆಯ ಕೆಳಗೆ ಎಳೆ ಹರಿದದ್ದು ಕಾಣುವುದಿಲ್ಲ. ನಾನು ಹೊದಿಕೆ ಇಲ್ಲದ್ದನ್ನೇ ಇಟ್ಟುಕೊಂಡಿದ್ದೇನೆ.

ಸ್ಟೀಲ್ ಬ್ರೇಡಿನ ಕೊನೆಗಳು ಸಾಮಾನ್ಯವಾಗಿ ಒಂದು ಇಂಚಿನ ಎಂಟನೇ ಒಂದು ಭಾಗದ ಎನ್‌ಪಿಟಿ (ಅಮೆರಿಕದ ಪೈಪು ತಿರುಪಿನ ಅಳತೆ) ಥ್ರೆಡ್ ಆಗಿರುತ್ತವೆ. ಮ್ಯಾಕ್ರೋಲೈನ್ ಫಿಟ್ಟಿಂಗಿನ ಇನ್ನೊಂದು ಬದಿಯೂ ಅದೇ. ಈ ಥ್ರೆಡ್ ತುದಿಯ ಕಡೆಗೆ ಸಪೂರವಾಗುತ್ತ ಹೋಗುವುದರಿಂದ ಒಳಹೋದಷ್ಟೂ ಬೆಣೆಯಂತೆ ಬಿಗಿಯುತ್ತದೆ. ಎದುರಿನ ಭಾಗ ಅಲ್ಯೂಮಿನಿಯಂ ಆಗಿರುತ್ತದೆ ಎಂಬುದನ್ನು ಮರೆತು ಸ್ಪ್ಯಾನರಿಗೆ ಮೈಭಾರ ಹಾಕಿದರೆ ಸಿಲಿಂಡರ್ ಕೂರುವ ಅಡಾಪ್ಟರೇ ಸೀಳುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಸುತ್ತುವ ಅಭ್ಯಾಸ ಅನೇಕರಿಗಿದೆ. ಅದರ ಚೂರುಗಳು ಹರಿದು ಒಳಗಿನ ರೆಗ್ಯುಲೇಟರಿನ ಸೀಟಿನಲ್ಲಿ ಸಿಕ್ಕಿಕೊಂಡು, ಇಲ್ಲದ ಹೊಸ ಕಾಯಿಲೆಯನ್ನು ತರುತ್ತವೆ. ದ್ರವ ರೂಪದ ಥ್ರೆಡ್ ಸೀಲೆಂಟನ್ನು ತುದಿಯ ಒಂದೆರಡು ಸುತ್ತು ಬಿಟ್ಟು ಹಚ್ಚಿ, ಅದು ಪೂರ್ತಿ ಒಣಗುವ ತನಕ ಗಾಳಿ ಬಿಡದೆ ಕಾಯುವುದು ಮೇಲು. ಕಾಯುವುದೇ ಕಷ್ಟ, ಅದನ್ನು ನಾನೂ ಬಲ್ಲೆ.

ನಾಲ್ಕನೆಯದಾಗಿ ಬಳಸಿದ್ದು ಸಿಲಿಂಡರನ್ನು ಬೆನ್ನಿಗೋ ಸೊಂಟಕ್ಕೋ ಕಟ್ಟಿಕೊಂಡು ಮಾರ್ಕರನ್ನು ಹಗುರ ಮಾಡಿಕೊಳ್ಳುವವರ ಸುರುಳಿ ರಿಮೋಟ್ ಲೈನ್. ತೋಳಿಗೆ ವಿಶ್ರಾಂತಿ ಸಿಗುತ್ತದೆ. ಕಾರ್ಬನ್ ಡೈಆಕ್ಸೈಡ್ ಬಳಸುವವರಿಗೆ ದ್ರವ ದಾರಿಯಲ್ಲೇ ಆವಿಯಾಗಲು ಅವಕಾಶ ಸಿಗುವುದು ಹೆಚ್ಚಿನ ಲಾಭ. ನನಗೆ ಹಿಡಿಸಲಿಲ್ಲ, ಗಿಡಗಂಟಿಗೆ ಸಿಕ್ಕಿಕೊಳ್ಳುತ್ತಲೇ ಇತ್ತು. ಕೊಳ್ಳುವುದೇ ಆದರೆ ಸ್ಲೈಡ್ ಚೆಕ್ ಇರುವುದನ್ನೇ ಕೊಳ್ಳಬೇಕು. ಅದನ್ನು ಹಿಂದಕ್ಕೆ ಸರಿಸಿದರೆ ಸಿಲಿಂಡರಿನ ಕಡೆಯ ಗಾಳಿ ನಿಂತು, ಮಾರ್ಕರಿನ ಕಡೆಯ ಗಾಳಿ ಹೊರಹೋಗುತ್ತದೆ. ಅದಿಲ್ಲದ ಲೈನನ್ನು ಒತ್ತಡದಲ್ಲಿ ಕಳಚಲು ಹೋದರೆ ಕೈಯಲ್ಲಿ ಹಾವು ಹಿಡಿದಂತೆಯೇ ಸರಿ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿ ಹೇಳಬೇಕು. ಸಿಲಿಂಡರ್ ತುಂಬಿಸಲು ಕಂಪ್ರೆಸರಿನಿಂದಲೋ ದೊಡ್ಡ ಸಿಲಿಂಡರಿನಿಂದಲೋ ಬರುವ ಹೋಸಿನಲ್ಲಿ 4,500 ಪಿಎಸ್‌ಐವರೆಗಿನ ಗಾಳಿ ರೆಗ್ಯುಲೇಟರ್ ಇಲ್ಲದೆ ನೇರವಾಗಿ ಹರಿಯುತ್ತದೆ. ಅದಕ್ಕೆಂದೇ ಮಾಡಿದ, ಒಳದಾರಿ ತೀರ ಸಣ್ಣದಾದ ಹೋಸುಗಳಿವೆ. ಅವುಗಳ ಹೊರಚರ್ಮದಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿದ್ದರೆ ಹೆದರಬೇಕಾಗಿಲ್ಲ. ಒಳಪದರದಿಂದ ಜಿನುಗಿದ ಗಾಳಿ ಹೊರಚರ್ಮದ ಕೆಳಗೆ ಶೇಖರವಾಗಿ ಬೊಬ್ಬೆ ಏಳದಿರಲೆಂದು ಬೇಕೆಂದೇ ಚುಚ್ಚಿದ ರಂಧ್ರಗಳವು. ಮಾರ್ಕರಿನ ಮೇಲೆ ಹಾಕುವ ಯಾವ ಲೈನನ್ನೂ, ಸ್ಟೀಲ್ ಬ್ರೇಡನ್ನೂ ಸೇರಿಸಿ, ಈ ಕೆಲಸಕ್ಕೆ ಹಚ್ಚಬಾರದು.

ಹೋಸು ಕಳಚಿದಾಗ ಅಷ್ಟು ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. 20 ಸೆಂಟಿಮೀಟರ್ ಕೊಳವೆಯ ಒಳಗೆ ಹಿಡಿಯುವುದು ಬರೀ 2.7 ಮಿಲಿಲೀಟರ್. 850 ಪಿಎಸ್‌ಐನಲ್ಲಿದ್ದರೂ ಅದು ಹಿಗ್ಗಿದರೆ ಒಂದು ಲೋಟದಷ್ಟೂ ಆಗುವುದಿಲ್ಲ. ಆದರೆ ಅದರ ಬೆನ್ನಿಗೆ 68 ಘನ ಇಂಚಿನ, 4,500 ಪಿಎಸ್‌ಐ ತುಂಬಿದ ಸಿಲಿಂಡರ್ ಇದ್ದರೆ ಸುಮಾರು 300 ಲೀಟರ್ ಗಾಳಿ ಆ ತೆರೆದ ಬಾಯಿಯಿಂದ ಹೊರಬರಲು ಕಾದಿರುತ್ತದೆ. ಹಾಗಾಗಿ ಸಿಲಿಂಡರ್ ಅಡಾಪ್ಟರಿನಲ್ಲಿ ಆನ್-ಆಫ್ ಗುಬುಟು ಇರುವುದನ್ನು ಲೈನಿನಷ್ಟೇ ಮುಖ್ಯವಾದ ಭಾಗವೆಂದು ನಾನು ಎಣಿಸುತ್ತೇನೆ. ನನ್ನ ಕೆಂಪು ಕೊಳವೆ ಕಳಚಿದ ದಿನ ಅದು ಇರಲಿಲ್ಲ. ಕುಣಿಯುತ್ತಿರುವ ಕೊಳವೆಯ ಕೆಳಗೆ ಕೈಹಾಕಿ ಸಿಲಿಂಡರನ್ನು ಸುತ್ತು ಸುತ್ತಾಗಿ ತಿರುಗಿಸಬೇಕಾಯಿತು.

1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್‌ನಲ್ಲಿ ಮೊದಲ ಆಟ ನಡೆದಾಗ ಈ ತಲೆನೋವು ಇರಲಿಲ್ಲವಂತೂ ನಿಜ. ಆಗಿನ ನೆಲ್‌ಸ್ಪಾಟ್ ಮಾರ್ಕರ್‌ಗಳು 12 ಗ್ರಾಂನ ಪುಟ್ಟ ಕಾರ್ಟ್ರಿಡ್ಜನ್ನು ಮೈಯೊಳಗೇ ಇಟ್ಟುಕೊಳ್ಳುತ್ತಿದ್ದವು, ಹೊರಗೆ ಕೊಳವೆಯೇ ಇರಲಿಲ್ಲ. ಈಚಿನ ದುಬಾರಿ ಇಲೆಕ್ಟ್ರಾನಿಕ್ ಮಾರ್ಕರ್‌ಗಳಲ್ಲಿ ಹಿಡಿಕೆಯ ಒಳಗಿನಿಂದಲೇ ಗಾಳಿಯ ದಾರಿ ಕೊರೆದಿರುವುದರಿಂದ ಅವೂ ಈ ವಿಮರ್ಶೆಯ ಹೊರಗೆ ಉಳಿಯುತ್ತವೆ. ನಡುವಿನ ಕಾಲದ ಮಾರ್ಕರ್‌ಗಳನ್ನು ಇನ್ನೂ ಪ್ರೀತಿಯಿಂದ ಇಟ್ಟುಕೊಂಡಿರುವವರಿಗಷ್ಟೇ ಈ ಕೊಳವೆಗಳ ಗೊಡವೆ.

ಮ್ಯಾಕ್ರೋಲೈನನ್ನೇ ಇಟ್ಟುಕೊಳ್ಳುವವರು ಕತ್ತರಿಸುವ ರೀತಿಯನ್ನು ಕಲಿಯಬೇಕು. ಕತ್ತರಿಯಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗಿ, ಕಡಿತ ಓರೆಯಾಗಿ, ಒಂದು ಬದಿ ಬಿದಿಗೆ ಚಂದ್ರನಂತೆ ಚೂಪಾಗಿ ಉಳಿಯುತ್ತದೆ; ಆ ಚೂಪು ಒಳಹೋಗುವಾಗ ಓ-ರಿಂಗನ್ನು ಕೆತ್ತುತ್ತದೆ, ಚಿಕ್ಕದಾದ ಬದಿ ತಳವನ್ನು ಮುಟ್ಟುವುದೇ ಇಲ್ಲ. ಕೊಳವೆ ಕತ್ತರಿಸಲೆಂದೇ ಇರುವ ಸಣ್ಣ ಕಟ್ಟರ್ ಅಥವಾ ಹೊಸ ಬ್ಲೇಡಿನಿಂದ ನೆಟ್ಟಗೆ ಒಂದೇ ಏಟಿಗೆ ಕತ್ತರಿಸಬೇಕು. ಫಿಟ್ಟಿಂಗಿನ ಆಳವನ್ನು ಮೊದಲೇ ಅಳೆದು ಕೊಳವೆಯ ಮೇಲೆ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಅದು ಪೂರ್ತಿ ಕೂತಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ, ಮತ್ತು ಆಟದ ನಡುವೆ ಆ ಗೆರೆ ಹೊರಗೆ ಇಣುಕಿದರೆ ಕೊಳವೆ ಜಾರಲು ಶುರುವಾಗಿದೆ ಎಂದರ್ಥ. ಪ್ರತಿ ಸಲ ಕಳಚಿದಾಗಲೂ ಹಲ್ಲುಗಳು ಗೀರಿದ ತುದಿಯನ್ನು ಬೆರಳಗಲ ಕತ್ತರಿಸಿ ಹೊಸ ಮೈಯನ್ನು ಒಳಗೆ ಕೊಡಬೇಕಾದ್ದರಿಂದ ಮೊದಲೇ ತುಸು ಉದ್ದ ಬಿಟ್ಟುಕೊಂಡಿರುವುದು ಜಾಣತನ. ಮಡಿಚಿದ ಜಾಗದಲ್ಲಿ ಬಣ್ಣ ಬಿಳಿಚಿ ಗೆರೆ ಮೂಡಿದ್ದರೆ ಆ ತುಂಡು ಕಸಕ್ಕೆ ಹೋಗಬೇಕು. ಒತ್ತಡ ಪೂರ್ತಿ ಇಳಿಯದೆ ಹಿಡಿ ಉಂಗುರವನ್ನು ಒತ್ತಲೇಬಾರದು. ಸಿಲಿಂಡರ್ ತೆಗೆದ ಮೇಲೂ ಲೈನಿನಲ್ಲಿ ಗಾಳಿ ಉಳಿದಿರುತ್ತದೆ, ಮಾರ್ಕರನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ ಸದ್ದು ಅಡಗುವ ತನಕ ಖಾಲಿ ಹೊಡೆದು ಅದನ್ನು ಕಳೆಯಬೇಕು.

ಸದ್ಯ ನನ್ನ ಮೆಕ್ಯಾನಿಕಲ್ ಮಾರ್ಕರಿನ ಮೇಲೆ ಇರುವುದು ಸ್ವಿವೆಲ್ ಕೊನೆಯ ಸ್ಟೀಲ್ ಬ್ರೇಡ್, 850 ಪಿಎಸ್‌ಐ ಸಿಲಿಂಡರ್, ಆನ್-ಆಫ್ ಅಡಾಪ್ಟರ್. ಇಲೆಕ್ಟ್ರಾನಿಕ್ ಮಾರ್ಕರಿನ ಒಳಗಿನ ರೆಗ್ಯುಲೇಟರ್ ಹೇಗೂ ಒತ್ತಡವನ್ನು ಇನ್ನಷ್ಟು ಇಳಿಸಿಕೊಳ್ಳುವುದರಿಂದ ಅದಕ್ಕೆ 450 ಪಿಎಸ್‌ಐ ಸಿಲಿಂಡರೂ ಲೋಹದ ಫಿಟ್ಟಿಂಗಿನ ಕಪ್ಪು ಮ್ಯಾಕ್ರೋಲೈನೂ ಸಾಕಾಗಿವೆ. ಆ ಕೊಳವೆಯನ್ನು ಪ್ರತಿ ವರ್ಷ ಆಟ ಶುರುವಾಗುವ ಮೊದಲು ಬದಲಿಸುತ್ತೇನೆ. ಎರಡು ಸಿಲಿಂಡರುಗಳೂ ನೋಡಲು ಒಂದೇ ತೆರನಾದ್ದರಿಂದ 850ರದಕ್ಕೆ ಕುತ್ತಿಗೆಯ ಬಳಿ ಕೆಂಪು ಟೇಪು ಸುತ್ತಿದ್ದೇನೆ, ಅವಸರದಲ್ಲಿ ಅದನ್ನು ಮ್ಯಾಕ್ರೋಲೈನಿನ ಮಾರ್ಕರಿಗೆ ತಿರುಗಿಸಿಬಿಡಬಾರದಲ್ಲ.